೪೧೭ನೇ ನಂಬರಿನ ದವಡೆ

ಶುಕ್ರವಾರ, ಜೂನ್ ೧೧

ಪ್ರೀತಿಯ ಉಳಿ,

ಅಣ್ಣ ಬರೆಯುತ್ತಿದ್ದೇನೆ. ಐವತ್ತೆಂಟು ವರ್ಷದ ಗಂಡಸನ್ನು ಉಳಿ ಎಂದು ಕರೆಯಬಹುದೋ ಇಲ್ಲವೋ ಗೊತ್ತಿಲ್ಲ. ಸಣ್ಣಗೆ, ಚೂಪಾಗಿದ್ದೀಯ ಎಂದು ಅಪ್ಪ ಇಟ್ಟ ಅಡ್ಡಹೆಸರು. ಅವರು ಹೋದ ಮೇಲೆ ನಿನ್ನನ್ನು ಹಾಗೆ ಕರೆಯುವವನು ನಾನೊಬ್ಬನೇ ಇದ್ದೆ, ನಾನೂ ಹನ್ನೊಂದು ವರ್ಷದಿಂದ ಕರೆದಿಲ್ಲ. ಕಾಗದ ಒಂದು ವಾರ ತಡವಾದರೆ ಕೆಲಸದ ನೆಪ ಹೇಳಬಹುದು, ಒಂದು ತಿಂಗಳಾದರೆ ಜ್ವರದ ನೆಪ. ಹನ್ನೊಂದು ವರ್ಷಕ್ಕೆ ಯಾವ ನೆಪವೂ ಸಾಲುವುದಿಲ್ಲ. ಸುಮ್ಮನೆ ಕ್ಷಮಿಸಿ ಮುಂದೆ ಓದು.

ನಾನು, ನಿನ್ನ ಅತ್ತಿಗೆ ಇಬ್ಬರೂ ಚೆನ್ನಾಗಿದ್ದೇವೆ. ಅವಳ ಮೊಣಕಾಲು ಆಗಾಗ ತಕರಾರು ಮಾಡುತ್ತದೆ, ಅವಳು ದಿನವೂ. ನಾನು ಇನ್ನೂ ಅದೇ ಕಂಪನಿಯಲ್ಲಿದ್ದೇನೆ. ಹೋದ ವರ್ಷ ಅರವತ್ತು ತುಂಬಿದಾಗ ಬೀಳ್ಕೊಟ್ಟರು. ಮೇಜಿನ ಮೇಲಿಡುವಂಥ ಒಂದು ಪುಟ್ಟ ತ್ರೀಡಿ ಪ್ರಿಂಟರ್ ಉಡುಗೊರೆ ಕೊಟ್ಟರು. ಮಾರನೆಯ ವಾರವೇ ಫೋನು: "ಮೇಸ್ತ್ರಿಗಳೇ, ವಾರಕ್ಕೆ ನಾಲ್ಕು ದಿನ ಬಂದು ಹೋಗಿ, ನೀವಿಲ್ಲದೆ ಆಗ್ತಿಲ್ಲ." ಹೋಗದೆ ಏನು ಮಾಡಲಿ? ಮನೆಯಲ್ಲಿ ಕೂತರೆ ನಿನ್ನ ಅತ್ತಿಗೆಯ ಕಾಲಿಗೆ ಸಿಕ್ಕಿ ಬೀಳುತ್ತೇನೆ.

ಆ ಪುಟ್ಟ ಪ್ರಿಂಟರಿನ ಕಥೆ ಕೇಳು. ದಾರದ ಉಂಡೆಯ ಹಾಗೆ ಪ್ಲಾಸ್ಟಿಕ್ ಸುತ್ತಿಟ್ಟಿರುತ್ತಾರೆ. ಅದನ್ನು ಕರಗಿಸಿ ಎಳೆಯ ಮೇಲೆ ಎಳೆ ಹಾಕುತ್ತಾ ಹೋಗುತ್ತದೆ. ಮೊದಲ ಕೆಲಸವಾಗಿ ನಿನ್ನ ಅತ್ತಿಗೆಯ ಸಕ್ಕರೆ ಡಬ್ಬಿಗೆ ಒಂದು ಮುಚ್ಚಳ ಮಾಡಲು ಹೊರಟೆ. ಐದು ಗಂಟೆ ಕಾಲ ಅದು ಕುಯ್ ಕುಯ್ ಎಂದಿತು. ಮುಚ್ಚಳ ಬಂತು, ಡಬ್ಬಿಯ ಮೇಲೆ ಕೂರಲಿಲ್ಲ. ಕೂದಲೆಳೆಯಷ್ಟು ಬಿಗಿ. "ನಲವತ್ತು ವರ್ಷ ಮಾಡಿದ ಕೆಲಸ ಇದೇನಾ?" ಎಂದಳು. ಆಮೇಲೆ ಹೊಳೆಯಿತು, ಡಬ್ಬಿಯನ್ನು ನಾನು ಅಳೆದದ್ದು ಅಪ್ಪನ ಹಿತ್ತಾಳೆ ಪಟ್ಟಿಯಿಂದ. ನೀನು ನಗುತ್ತೀಯ ಎಂದು ಗೊತ್ತು. ಕೈಗೆ ಅದೇ ಸಿಕ್ಕಿತು, ಕೈಗೆ ಅದೇ ಅಭ್ಯಾಸ.

ಈ ಕಥೆಯನ್ನು ನಮ್ಮಲ್ಲಿರುವ ಎಂಜಿನಿಯರಮ್ಮನಿಗೆ ಹೇಳಿದೆ. ಕಂಪ್ಯೂಟರಿನಲ್ಲಿ ಆಕಾರಗಳನ್ನು ಸಿದ್ಧ ಮಾಡುವ ಹುಡುಗಿ, ಜಾಣೆ. ಅವಳಿಗೆ ಅರ್ಥವಾಗಲಿಲ್ಲ. ಪಟ್ಟಿಯನ್ನೇ ತಂದು ತೋರಿಸಿದೆ. "ನೋಡಮ್ಮ, ಕಾದ ಲೋಹ ಆರಿದ ಮೇಲೆ ಕುಗ್ಗುತ್ತೆ. ಎರಕಕ್ಕೆ ಮರದ ಪ್ಯಾಟರ್ನ್, ಅಂದ್ರೆ ಅಚ್ಚಿನ ಮಾದರಿ, ಮಾಡೋನು ಆ ಕುಗ್ಗೋದನ್ನ ಮೊದಲೇ ಸೇರಿಸ್ಬೇಕು. ಅದಕ್ಕೇ ಈ ಪಟ್ಟಿಯ ಅಡಿ ಅಂಗಡಿ ಪಟ್ಟಿಗಿಂತ ಚೂರು ಉದ್ದ. ಇದನ್ನಿಟ್ಟು ಗೆರೆ ಎಳೆದ್ರೆ ಸಾಕು, ಲೆಕ್ಕ ಮಾಡೋದೇ ಬೇಡ. ಡಬ್ಬಿ ಅಳೆದ್ರೆ ಮಾತ್ರ ಅಳತೆ ಕಮ್ಮಿ ಬರುತ್ತೆ." ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿ, "ಎಷ್ಟು ಚೆನ್ನಾಗಿದೆ ಮೇಸ್ತ್ರಿಗಳೇ! ಈಗ ಇದನ್ನೆಲ್ಲ ಸಾಫ್ಟ್‌ವೇರೇ ಸೇರಿಸುತ್ತೆ" ಎಂದಳು. ಇರಲಿ, ಪಟ್ಟಿಯ ಮಾತು ಆಮೇಲೆ.

ನೀನು ನೋಡಿದ್ದ ಕಂಪನಿ ಈಗ ಆ ರೂಪದಲ್ಲಿಲ್ಲ. ಆಗ ಹತ್ತು ಜನ ಸೇರಿ ಒಂದು ಶೆಡ್ಡಿನಲ್ಲಿ ನಮ್ಮದೇ ಯಂತ್ರ ಕಟ್ಟುತ್ತಿದ್ದೆವು. ದೊಡ್ಡ ಕಂಪನಿಗಳ ಹಳೆಯ ಪೇಟೆಂಟುಗಳ ಅವಧಿ ಮುಗಿದದ್ದೇ ತಡ, ಊರೆಲ್ಲ ಪ್ರಿಂಟರ್ ಮಾಡಲು ಶುರು ಮಾಡಿತು. ಇಷ್ಟಿಷ್ಟೇ ಇರುವ ಯಂತ್ರಗಳು ಮನೆಮನೆಯ ಮೇಜಿಗೆ ಬಂದವು. ನಮ್ಮ ಯಂತ್ರವನ್ನು ಕೇಳುವವರಿಲ್ಲದೆ ಹೋಯಿತು. ನಿನ್ನ ಕೆಲಸ ನಿಲ್ಲಿಸಿದವರ ಕೆಲಸವೂ ನಿಂತಿತು ಎಂದು ನಿನಗೆ ಒಂದಿಷ್ಟು ಸಮಾಧಾನವಾದರೆ ಆಗಲಿ. ಈಗ ಬೇರೆಯವರ ಯಂತ್ರಗಳನ್ನು ತಂದಿಟ್ಟುಕೊಂಡು, ಕೇಳಿದವರಿಗೆ ಕೇಳಿದ್ದನ್ನು ಮಾಡಿಕೊಡುತ್ತೇವೆ. ಮುಂದಿನ ಹಾಲಿನಲ್ಲಿ ನೈಲಾನ್ ಪುಡಿಯನ್ನು ಲೇಸರ್ ಬೆಳಕಿನಿಂದ ಪದರ ಪದರವಾಗಿ ಬೆಸೆಯುವ ಎರಡು ದೊಡ್ಡ ಯಂತ್ರಗಳಿವೆ. ಬೂದಿಯೊಳಗಿಂದ ಗೆಡ್ಡೆ ತೆಗೆದ ಹಾಗೆ ಆ ಪುಡಿಯೊಳಗಿಂದ ಸಾಮಾನು ತೆಗೆಯಬೇಕು. ಹಿಂದುಗಡೆ ಆ ಮರಳಿನ ಯಂತ್ರ. ಅದರ ಮಾತು ಇಲ್ಲಿ ಇಷ್ಟೇ ಸಾಕು. ಪಕ್ಕದ ಕೋಣೆಯಲ್ಲಿ ರೆಸಿನ್ನಿನ ತೊಟ್ಟಿಗಳು. ಬೆಳಕು ಬಿದ್ದಲ್ಲಿ ಮಾತ್ರ ಗಟ್ಟಿಯಾಗುವ ದ್ರವ ಅದು. ಸಾಮಾನು ಕುಸಿಯಬಾರದೆಂದು ಯಂತ್ರವೇ ಸಣ್ಣ ಸಣ್ಣ ಆಸರೆ ಕಡ್ಡಿಗಳನ್ನೂ ಬೆಳೆಸಿಕೊಳ್ಳುತ್ತದೆ.

ನನ್ನ ಕೆಲಸ ಎಲ್ಲಕ್ಕಿಂತ ಕೊನೆಯದು. ಆ ಕಡ್ಡಿಗಳನ್ನು ಮುರಿದು ತೆಗೆಯಬೇಕು. ಅವು ಕಚ್ಚಿಕೊಂಡಿದ್ದ ಕಡೆ ಮೊಡವೆಯ ಹಾಗೆ ಉಳಿದ ಗುರುತುಗಳನ್ನು ಬ್ಲೇಡಿನಿಂದ ಹೆರೆದು, ಸ್ಯಾಂಡ್‌ಪೇಪರಿನಿಂದ ಉಜ್ಜಿ ನುಣುಪು ಮಾಡಬೇಕು. ಯಂತ್ರಕ್ಕೆ ಕಣ್ಣಿದೆ, ಲೆಕ್ಕವಿದೆ, ಬೆರಳಿಲ್ಲ. ನನ್ನನ್ನು ಇಟ್ಟುಕೊಂಡಿರುವುದು ಬೆರಳಿಗಾಗಿ.

ಈ ಕಾಗದಕ್ಕೆ ಕಾರಣವೂ ಆ ಬೆರಳೇ. ಹೋದ ಸೋಮವಾರ ೪೧೭ನೇ ನಂಬರಿನ ಕೆಲಸ ಬಂತು. ಆಸ್ಪತ್ರೆಯವರು ಸ್ಕ್ಯಾನ್ ಕಳಿಸುತ್ತಾರೆ, ನಾವು ರೋಗಿಯ ಎಲುಬನ್ನು ಇದ್ದದ್ದು ಇದ್ದ ಹಾಗೆ ರೆಸಿನ್ನಿನಲ್ಲಿ ಮಾಡಿ ಕೊಡುತ್ತೇವೆ. ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು, ಎಲ್ಲಿ ಕೊಯ್ಯಬೇಕೆಂದು ಗುರುತು ಹಾಕಿ, ಆಮೇಲೆ ಒಳಗೆ ಕೂರಿಸುವ ಲೋಹದ ಪ್ಲೇಟನ್ನು ಅದರ ಮೇಲೇ ಬಗ್ಗಿಸಿ ಸಿದ್ಧ ಮಾಡಿಕೊಳ್ಳುತ್ತಾರೆ. ನಮಗೆ ಹೆಸರು ಬರುವುದಿಲ್ಲ. ಚೀಟಿಯಲ್ಲಿ ಇದ್ದದ್ದು ಇಷ್ಟೇ: ೪೧೭, ಗಂಡಸು, ೫೮, ಕೆಳದವಡೆ.

ಕಡ್ಡಿಗಳನ್ನು ಮುರಿದೆ. ಬಲಗಡೆ ಒಳಮೈಯಲ್ಲಿ ಗುರುತುಗಳು ಗುಂಪಾಗಿದ್ದವು, ಅದರಲ್ಲೊಂದು ಬಟಾಣಿ ಕಾಳಿನಷ್ಟು ದಪ್ಪ. ಹೆರೆದೆ, ಉಜ್ಜಿದೆ. ನಿನಗೇ ಗೊತ್ತಲ್ಲ, ಕೈಗೆ ಏನಾದರೂ ಉಬ್ಬು ಸಿಕ್ಕಿದರೆ ನಮಗೆ ತಡೆಯುವುದಿಲ್ಲ. ಸಿಳ್ಳೆ ಹಾಕಿಕೊಂಡು ಉಜ್ಜಿದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಎಂಜಿನಿಯರಮ್ಮ ಬಂದು ಕೈಗೆ ತೆಗೆದುಕೊಂಡವಳು ಹಾಗೇ ನಿಂತಳು.

"ಮೇಸ್ತ್ರಿಗಳೇ, ಇಲ್ಲೊಂದು ಗಂಟಿತ್ತಲ್ಲ, ಎಲ್ಲಿ?"

"ಯಾವ ಗಂಟಮ್ಮ? ಕಡ್ಡಿ ಕಚ್ಚಿದ ಗುರುತು ಅದು. ತೆಗೆದ್ಹಾಕಿದೆ."

"ಅಯ್ಯೋ, ಅದು ಕಾಯಿಲೆ! ಆಪರೇಷನ್ ಮಾಡ್ತಿರೋದೇ ಅದಕ್ಕೆ. ಸ್ಯಾಂಡ್‌ಪೇಪರಲ್ಲಿ ಹೋಗೋ ಹಾಗಿದ್ರೆ ಡಾಕ್ಟ್ರು ಯಾಕೆ ಬೇಕಿತ್ತು?"

ಅವಳು ಬೈದದ್ದಲ್ಲ, ಗಾಬರಿಯಲ್ಲಿ ಬಂದ ಮಾತು. ನಾನೇ ಮ್ಯಾನೇಜರ ಹತ್ತಿರ ಹೋಗಿ ಹೇಳಿದೆ. ಆಸ್ಪತ್ರೆಗೆ ತಿಳಿಸಿ, ಒಂದು ದಿನ ಹೆಚ್ಚಿಗೆ ಕೇಳಿಕೊಂಡು, ಮತ್ತೆ ಹೊಸದಾಗಿ ಮಾಡಿದೆವು. ಬುಧವಾರ ಎರಡನೆಯ ದವಡೆ ಕೈಗೆ ಬಂತು. ಈ ಸಲ ಬ್ಲೇಡು ಮುಟ್ಟುವ ಮೊದಲು ದೀಪದ ಕೆಳಗಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಮುಚ್ಚಿ ಬೆರಳಾಡಿಸಿದೆ.

ಮುಂದಿನ ಎರಡು ಹಲ್ಲುಗಳ ನಡುವೆ ಬೆರಳು ನಿಂತಿತು. ಅಲ್ಲೊಂದು ಸವೆದ ಸಣ್ಣ ತೋಡು. ಹಲ್ಲಿನಲ್ಲಿ ಮೊಳೆ ಕಚ್ಚಿ ಕಚ್ಚಿ ಕೆಲಸ ಮಾಡಿದವನ ಹಲ್ಲು. ನೂರು ಬಡಗಿಗಳಿಗೆ ಇಂಥದ್ದಿರುತ್ತದೆ ಎಂದುಕೊಂಡೆ. ಐವತ್ತೆಂಟು ವರ್ಷದ ಬಡಗಿಗಳೂ ಹತ್ತಾರು ಜನ ಇರಬಹುದು ಎಂದುಕೊಂಡೆ. ಆಮೇಲೆ ಬೆರಳು ಇನ್ನೂ ಹಿಂದಕ್ಕೆ ಹೋಯಿತು. ಅಲ್ಲಿ ಇನ್ನೊಂದು ಗುರುತಿತ್ತು. ಅದು ಸಿಕ್ಕ ಮೇಲೆ ಅನುಮಾನ ಉಳಿಯಲಿಲ್ಲ. ಅದೇನೆಂದು ಈಗ ಬರೆಯಲು ಕೈ ಏಳುತ್ತಿಲ್ಲ, ಕೊನೆಗೆ ಬರೆಯುತ್ತೇನೆ.

ನಿನ್ನ ದವಡೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆನೋ. "ಟೀ ಆರ್ತಿದೆ ಮೇಸ್ತ್ರಿಗಳೇ" ಎಂದು ಎಂಜಿನಿಯರಮ್ಮ ಎರಡು ಸಲ ಹೇಳಿದಳಂತೆ.

ನಿನ್ನೆ ನಿನ್ನ ಮಗಳಿಗೆ ಫೋನ್ ಮಾಡಿದೆ. ನಂಬರು ನಿನ್ನ ಅತ್ತಿಗೆ ಕೊಟ್ಟಳು. ಅವರಿಬ್ಬರೂ ಇಷ್ಟು ವರ್ಷವೂ ನಮ್ಮಿಬ್ಬರಿಗೆ ಗೊತ್ತಿಲ್ಲದ ಹಾಗೆ ಮಾತಾಡಿಕೊಂಡೇ ಬಂದಿದ್ದಾರೆ, ಕಳ್ಳಿಯರು. ಈ ಸುದ್ದಿಯೊಂದನ್ನು ಮಾತ್ರ ನಿನ್ನ ಮಗಳು ಅವಳಿಗೂ ಹೇಳಿರಲಿಲ್ಲ. ನನ್ನ ದನಿ ಕೇಳಿ ಅವಳು ಬಾಗಿಲು ಹಾಕಿಕೊಂಡ ಸದ್ದಾಯಿತು. ಆಮೇಲೆ, "ನಿಮಗೆ ಯಾರು ಹೇಳಿದ್ರು ದೊಡ್ಡಪ್ಪ?" ಎಂದಳು. ಯಾರೂ ಹೇಳಲಿಲ್ಲ, ಬೆರಳು ಹೇಳಿತು ಎಂದರೆ ಯಾರು ನಂಬುತ್ತಾರೆ? ಅವಳೇ ಹೇಳಿದಳು:

"ನಿಮಗೆ ಹೇಳ್ಬಾರ್ದು ಅಂತ ಅಪ್ಪ ಆಣೆ ಹಾಕಿಸ್ಕೊಂಡಿದ್ರು. 'ಹೇಳಿದ್ರೆ ಬರ್ತಾನೆ, ಬಂದು ಮುಟ್ಟಿ ನೋಡಿ ಸರಿಯಾಗಿದೆ ಅಂತಾನೆ' ಅಂದ್ರು."

ಹನ್ನೊಂದು ವರ್ಷದಲ್ಲಿ ನಿನ್ನ ನಾಲಿಗೆ ಒಂದಿಷ್ಟೂ ಮೊಂಡಾಗಿಲ್ಲ. ನಾನು ಅದಕ್ಕೆ ನಕ್ಕೆ. ಅವಳು ನಗಲಿಲ್ಲ. "ಗುರುವಾರ ಹದಿನೇಳಕ್ಕೆ ಆಪರೇಷನ್ ದೊಡ್ಡಪ್ಪ. ಕಾಯಿಲೆ ನಾಲಿಗೆಗೂ ಇಳಿದಿದೆ. ಆಮೇಲೆ ಮಾತು ಬರೋದು ಕಷ್ಟ ಅಂದಿದ್ದಾರೆ. ಏನಾದ್ರೂ ಮಾತಾಡ್ಕೊಳ್ಳೋದಿದ್ರೆ ಬುಧವಾರದೊಳಗೆ ಬನ್ನಿ. ಅಪ್ಪ ಬೈತಾರೆ. ಬೈಸ್ಕೊಳ್ಳಿ. ಬೈಯೋಕಾದ್ರೂ ಬಾಯಿರಲಿ ಆಗ."

ಬುಧವಾರದೊಳಗೆ. ಇನ್ನೂ ಐದು ದಿನ ಇದೆ.

ಸೋಮವಾರ, ಜೂನ್ ೧೪

ಇದೇ ಕಾಗದದಲ್ಲಿ ಮುಂದುವರಿಸುತ್ತಿದ್ದೇನೆ. ಶುಕ್ರವಾರವೇ ಅಂಚೆಗೆ ಹಾಕಬೇಕಿತ್ತು. ಮತ್ತೊಮ್ಮೆ ಓದಿದೆ, ಅಲ್ಲಲ್ಲಿ ಒರಟಾಗಿ ಕಂಡಿತು, ತಿದ್ದಿದೆ. ಬರೆಯಬೇಕಾದದ್ದನ್ನು ಬರೆದಿಲ್ಲ ಎಂದೂ ಅನಿಸಿತು. ನುಣುಪಾಗದೆ ಏನನ್ನೂ ಕೈಬಿಡಬಾರದು ಎಂದು ಅಪ್ಪ ಕಲಿಸಿದ್ದು ಎಷ್ಟು ಕೆಲಸ ಕೆಡಿಸಿದೆಯೋ.

ಫೌಂಡ್ರಿಯ ಅಂಗಳದ ದಿನವನ್ನು ಮೊದಲು ಬರೆದುಬಿಡುತ್ತೇನೆ. ನಾವು ಮಾತು ಬಿಟ್ಟದ್ದು ಅವತ್ತೇ. ಆ ಪಂಪಿನ ಹೊರಕವಚದ ಪ್ಯಾಟರ್ನಿಗೆ ನೀನು ನಲವತ್ತು ದಿನ ಕೂತಿದ್ದೆ. ಬಸವನಹುಳುವಿನ ಚಿಪ್ಪಿನ ಹಾಗೆ ಒಳಕ್ಕೆ ಸುತ್ತಿಕೊಂಡು ಹೋಗುವ ಆಕಾರ. ಅದನ್ನು ಮರದಲ್ಲಿ ಹೊಂದಿಸಬಲ್ಲವರು ಆಗಲೇ ಮೂರೋ ನಾಲ್ಕೋ ಜನ. ಅದೇ ಕವಚಕ್ಕೆ ನಾವು ಪ್ಯಾಟರ್ನೇ ಇಲ್ಲದೆ, ಮರಳಿನ ಪದರಕ್ಕೆ ಅಂಟು ಚಿಮುಕಿಸುತ್ತಾ, ನೇರವಾಗಿ ಎರಕದ ಅಚ್ಚನ್ನೇ ಒಂದೂವರೆ ದಿನದಲ್ಲಿ ಮಾಡಿ ತಂದಿದ್ದೆವು. ನಮ್ಮ ಕಂಪನಿಯವರು ನನ್ನನ್ನು ಬೇಕೆಂದೇ ಕರೆದುಕೊಂಡು ಹೋಗಿದ್ದರು. ಹಳೆಯ ಪ್ಯಾಟರ್ನ್ ಮೇಸ್ತ್ರಿಯೇ ಒಪ್ಪಿದರೆ ಫೌಂಡ್ರಿಯ ಯಜಮಾನರು ಒಪ್ಪುತ್ತಾರೆ ಎಂಬುದು ಅವರ ಲೆಕ್ಕ.

"ಏನ್ ಮೇಸ್ತ್ರಿ, ನಂಬಬಹುದಾ ಇದನ್ನ?" ಎಂದರು ಯಜಮಾನರು.

ನಾನು ಆ ಮರಳಿನ ಅಚ್ಚಿನ ಒಳಗೆ ಬೆರಳಾಡಿಸಿ, "ಸರಿಯಾಗಿದೆ" ಎಂದೆ. ಸುಳ್ಳಲ್ಲ, ಸರಿಯಾಗಿಯೇ ಇತ್ತು.

ನೀನು ಬಾಗಿಲ ಹತ್ತಿರ ನಿಂತಿದ್ದೆ, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಪ್ಯಾಟರ್ನನ್ನು ಮಗುವಿನ ಹಾಗೆ ಎತ್ತಿಕೊಂಡು. ಅವತ್ತೇ ಒಪ್ಪಿಸುವ ದಿನವೆಂದು ನನಗೆ ಗೊತ್ತಿರಲಿಲ್ಲ. ಈ ಮಾತನ್ನು ನೀನು ಅವತ್ತೂ ನಂಬಲಿಲ್ಲ, ಇವತ್ತೂ ನಂಬಬೇಕಿಲ್ಲ. ನೀನು ಕೂಗಾಡಲಿಲ್ಲ. ಒಂದೇ ಮಾತು ಕೇಳಿದೆ: "ಅಣ್ಣ, ನನ್ನದನ್ನ ಒಂದ್ಸಲನಾದ್ರೂ ಮುಟ್ಟಿ ನೋಡ್ದ್ಯಾ?"

ನೋಡಿರಲಿಲ್ಲ. ಆಗಲಾದರೂ ಬಂದು ಬಟ್ಟೆ ಬಿಚ್ಚಿ ನೋಡಬಹುದಿತ್ತು. ಸುತ್ತ ಜನ ನಿಂತಿದ್ದರು, ನನ್ನ ಕೊರಳಲ್ಲಿ ಕಂಪನಿಯ ಬ್ಯಾಡ್ಜು ತೂಗುತ್ತಿತ್ತು. ನಾನು ಕೈಗೆ ಅಂಟಿದ ಮರಳು ಕೊಡವಿಕೊಳ್ಳುತ್ತಾ ನಿಂತೆ. ನೀನು ಹೊರಟುಹೋದೆ. ಒಂದು ವರ್ಷದಲ್ಲಿ, ನೀನು ನಡೆಸುತ್ತಿದ್ದ ಅಪ್ಪನ ಪ್ಯಾಟರ್ನ್ ಕಾರ್ಖಾನೆಗೆ ಬೀಗ ಬಿತ್ತು. ನೀನು ಶಾಲೆಗಳ ಬೆಂಚು ರಿಪೇರಿಗೆ ಹೋಗುತ್ತೀಯ ಎಂದು ಯಾರೋ ಹೇಳಿದರು. ನಿನ್ನ ಹೆಂಡತಿ ತೀರಿಕೊಂಡ ದಿನ ನಾನು ಬಂದಿದ್ದೆ. ಗೇಟಿನ ಹೊರಗೆ ಸ್ವಲ್ಪ ಹೊತ್ತು ನಿಂತು, ಚಪ್ಪಲಿಗಳ ರಾಶಿ ನೋಡಿ, ಹಾಗೇ ಹಿಂದಿರುಗಿದೆ. ಅದು ನಿನಗೆ ಗೊತ್ತಿಲ್ಲ.

ಬುಧವಾರ ಬರುತ್ತೇನೆ. ರಜೆ ಹೇಳಿದ್ದೇನೆ. ನಿನ್ನ ಅತ್ತಿಗೆ ನನ್ನ ಅಂಗಿಗೆ ಇಸ್ತ್ರಿ ಮಾಡಿಟ್ಟಿದ್ದಾಳೆ. "ಬೈಸ್ಕೊಳ್ಳೋಕೆ ಹೋಗೋನಿಗೆ ಇಸ್ತ್ರಿ ಅಂಗಿ ಯಾಕೆ?" ಎಂದರೆ, "ಬೈದಿದ್ದು ಚೆನ್ನಾಗಿ ಕೂರ್ಲಿ ಅಂತ" ಎಂದಳು. ಈ ಕಾಗದವನ್ನು ಜೇಬಿನಲ್ಲಿಟ್ಟು ತರುತ್ತೇನೆ. ಬಾಯಲ್ಲಿ ಹೇಳಲು ಆಗದಿದ್ದರೆ ಕೈಗೆ ಕೊಡುತ್ತೇನೆ.

ಶನಿವಾರ, ಜೂನ್ ೧೯

ಉಳಿ, ಹೇಗೆ ಶುರು ಮಾಡಲಿ?

ಬುಧವಾರ ಬಂದೆ. ಹತ್ತೂವರೆಯ ಬಸ್ಸಿಗೆ ಇಳಿದು, ನೀನು ಈಗಿರುವ ಬೀದಿ ಹುಡುಕಿಕೊಂಡು ಬಂದೆ. ಔಷಧಿ ಅಂಗಡಿಯ ಮಗ್ಗುಲಿನ ಮೆಟ್ಟಿಲು, ಮೇಲಿನ ಮನೆ. ಕಿಟಕಿ ತೆರೆದಿತ್ತು. ಬಾಗಿಲಿನ ಚೌಕಟ್ಟು ನೋಡಿದ ಕೂಡಲೇ ನೀನೇ ಕೂರಿಸಿದ್ದು ಎಂದು ತಿಳಿಯಿತು, ಮೂಲೆಯ ಜೋಡಣೆಯಲ್ಲಿ ಕಾಗದ ತೂರಿಸಲೂ ಜಾಗವಿರಲಿಲ್ಲ. ಬಡಿಯಲು ಕೈ ಎತ್ತಿದೆ. ಒಳಗಿಂದ ನಿನ್ನ ದನಿ ಕೇಳಿತು.

ನೀನು ಮಗಳಿಗೆ ಬೈಯುತ್ತಿದ್ದೆ. ಯಾವುದೋ ಮೇಜಿನ ಕಾಲು ಅಲ್ಲಾಡುತ್ತಿತ್ತು, ಅವಳು ಅದರ ಕೆಳಗೆ ಕಾಗದ ಮಡಚಿ ಇಟ್ಟಿದ್ದಳು ಎಂದು ಕಾಣುತ್ತದೆ. "ತೆಗಿ ಅದನ್ನ! ನಾನಿರೋ ಮನೇಲಿ ಮೇಜಿಗೆ ಕಾಗದ ಇಡ್ತೀಯಾ? ಮಾನ ಮರ್ಯಾದೆ ಇಲ್ವಾ?"

"ಈಗ ಅದೇ ಮುಖ್ಯನಾ ಅಪ್ಪ?"

"ಮತ್ತೇನು? ಹಾಗೇ ಬಿಡು. ನಾನು ಬಂದ ಮೇಲೆ ಕೆತ್ತಿ ಕೂರಿಸ್ತೀನಿ."

ಮಾತು ಸ್ವಲ್ಪ ತೊದಲುತ್ತಿತ್ತು, ಬಾಯಲ್ಲಿ ಮೊಳೆ ಕಚ್ಚಿಕೊಂಡು ಮಾತಾಡುತ್ತಿದ್ದೆಯಲ್ಲ ಹಾಗೆ. ಉಳಿದದ್ದೆಲ್ಲ ಅದೇ ದನಿ, ಅದೇ ಸಿಡುಕು. ನಾನು ಎತ್ತಿದ ಕೈಯನ್ನು ಇಳಿಸಿದೆ. ಮೆಟ್ಟಿಲ ಮೇಲೆ ಕೂತು ಕೇಳಿದೆ. ಒಂದು ಗಳಿಗೆ ಕೇಳಿ ಆಮೇಲೆ ಬಡಿಯೋಣ ಎಂದುಕೊಂಡೆ, ಇನ್ನೊಂದು ಗಳಿಗೆ ಎಂದುಕೊಂಡೆ. ನಾನು ಒಳಗೆ ಬಂದರೆ ನೀನು ಸುಮ್ಮನಾಗುತ್ತೀಯ ಎಂಬ ಹೆದರಿಕೆ. ನಿನ್ನ ಉಳಿದ ಮಾತುಗಳನ್ನು ನನ್ನ ಮೇಲೆ ಖರ್ಚು ಮಾಡಿಸುವ ಹಕ್ಕು ನನಗಿದೆಯೇ ಎಂದೂ ಅನಿಸಿತು. ಇವೆಲ್ಲ ಬಸ್ಸಿನಲ್ಲಿ ಹಿಂದಿರುಗುವಾಗ ಹೊಂದಿಸಿಕೊಂಡ ಕಾರಣಗಳು. ನಿಜವಾದ ಕಾರಣ ಹೆದರಿಕೆಯೊಂದೇ. ಒಳಗೆ ಬಂದಿದ್ದರೆ ಆ ಎರಡನೆಯ ಗುರುತಿನ ಮಾತು ಆಡಬೇಕಾಗುತ್ತಿತ್ತು. ಕಾಗದವನ್ನು ಬಾಗಿಲ ಸಂದಿಯಲ್ಲಿ ಹಾಕಬಹುದಿತ್ತು. ಅದರಲ್ಲೂ ಆ ಮಾತು ಇರಲಿಲ್ಲವಲ್ಲ.

ನಿನ್ನ ಅತ್ತಿಗೆ ಬಾಗಿಲು ತೆಗೆದವಳು ನನ್ನ ಮುಖ ನೋಡಿದಳು, ಅಂಗಿ ನೋಡಿದಳು. ಏನೂ ಕೇಳಲಿಲ್ಲ. ಅವಳು ಏನೂ ಕೇಳದಿದ್ದದ್ದು ನಮ್ಮ ಸಂಸಾರದಲ್ಲಿ ಅದೇ ಮೊದಲು.

ನಿನ್ನೆ ಸಂಜೆ ನಿನ್ನ ಮಗಳು ಫೋನ್ ಮಾಡಿದಳು. ಒಂಬತ್ತು ಗಂಟೆ ಹಿಡಿಯಿತಂತೆ. ನೀನು ಕಣ್ಣು ಬಿಟ್ಟೆ, ಕೈ ಹಿಂಡಿದೆ ಎಂದಳು. ಕಾಲಿನ ಎಲುಬಿನ ತುಂಡು ತೆಗೆದು ದವಡೆಗೆ ಕೂಡಿಸಿದ್ದಾರೆ, ಮೊದಲೇ ಬಗ್ಗಿಸಿಟ್ಟಿದ್ದ ಪ್ಲೇಟು ಒಂದೇ ಸಲಕ್ಕೆ ಕೂತಿತಂತೆ. "ಮಾಡೆಲ್ ಮಾಡಿದವರ ಕೈ ಒಳ್ಳೇದಿತ್ತು ಅಂದ್ರು ಡಾಕ್ಟ್ರು" ಎಂದಳು. ಆ ಕೈ ಯಾರದೆಂದು ಅವಳಿಗೆ ಇನ್ನೂ ಗೊತ್ತಿಲ್ಲ, ನೀನೇ ತಿಳಿಸು. ಆಮೇಲೆ ನಾಲಿಗೆಯ ವಿಷಯ ಹೇಳಿದಳು. ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ತೆಗೆಯಬೇಕಾಯಿತಂತೆ. ಇನ್ನು ಮಾತು ಬರುವುದಿಲ್ಲ ಎಂದಳು. "ಬುಧವಾರ ಯಾಕೆ ಬರ್ಲಿಲ್ಲ ದೊಡ್ಡಪ್ಪ?" ಎಂದು ಒಂದೇ ಸಲ ಕೇಳಿದಳು.

ಬಂದಿದ್ದೆ ಎಂದು ಹೇಳಲು ನನ್ನ ಬಾಯಿ ಬರಲಿಲ್ಲ. ನೋಡು, ಕೊಯ್ಯಿಸಿಕೊಂಡವನು ನೀನು, ಮಾತು ಹೋದದ್ದು ನನ್ನದು.

ನಿನ್ನ ಬಾಯಿಂದ ಬರಬೇಕಿದ್ದ ಬೈಗುಳಗಳನ್ನೆಲ್ಲ ನಾನು ಕಳೆದುಕೊಂಡೆ. ಇನ್ನು ಮುಂದೆ ಯಾರು ಎಷ್ಟು ಬೈದರೂ ಅದು ಸಲ್ಲುವುದಿಲ್ಲ. ನಾನು ಕೇಳಿದ ನಿನ್ನ ಕೊನೆಯ ಮಾತು ಒಂದು ಮೇಜಿನ ಕಾಲಿನ ಬಗ್ಗೆ. ಅದಕ್ಕೆ ನಾನು ಬರಲೇ? ನೀನು ಎದ್ದು ಕೂರುವವರೆಗೆ ಅದನ್ನು ಹಾಗೇ ಬಿಟ್ಟಿರಲಿ, ಕಾಗದ ಇಡುವುದು ಬೇಡ ಎಂದು ಮಗಳಿಗೆ ಹೇಳಿದ್ದೇನೆ. ಯಾಕೆ ಹಾಗೆ ಹೇಳಿದೆನೆಂದು ಅವಳಿಗೆ ಅರ್ಥವಾಗಲಿಲ್ಲ. ನೀನು ಕೂತು ಕೈಯಲ್ಲೇ ತೋರಿಸು, ನಾನು ಕೆತ್ತುತ್ತೇನೆ. ನಾನು ಮಾಡಿದ್ದು ಸರಿಯಿಲ್ಲದಿದ್ದರೆ ತಲೆಯಾಡಿಸು.

ನಿನ್ನ ಗಾಯ ಸುಖವಾಗಿ ಕೂಡಲಿ. ಕಾಲಿನ ಎಲುಬು ದವಡೆಯ ಮನೆಗೆ ಜಗಳವಿಲ್ಲದೆ ಹೊಂದಿಕೊಳ್ಳಲಿ. ಮಗಳ ಕೈಯ ಊಟ ನಿನಗೆ ಬೇಗ ರುಚಿಸಲಿ. ನನಗೆ ಉಳಿದಿರುವ ವರ್ಷಗಳಲ್ಲಿ ನಿನಗೆ ಬೇಕಾದಷ್ಟನ್ನು ಎತ್ತಿಕೋ.

ನಿನ್ನ
ಅಣ್ಣ

ತಾ. ಕ.: ಇದು ಮರೆತದ್ದಲ್ಲ, ನಲವತ್ತೈದು ವರ್ಷ ಮುಂದೂಡಿದ್ದು.

ಎರಡನೆಯ ಗುರುತು ದವಡೆಯ ಎಡಗಡೆ, ಮೂಲೆ ತಿರುಗುವಲ್ಲಿತ್ತು. ಎಂದೋ ಮುರಿದ ಎಲುಬು ಒಂದಿಷ್ಟು ಓರೆಯಾಗಿ ಕೂಡಿಕೊಂಡ ಗೆರೆ. ಸ್ಕ್ಯಾನಿನ ಜೊತೆ ಆಸ್ಪತ್ರೆಯವರು ಕಳಿಸಿದ್ದ ವರದಿಯಲ್ಲಿ 'ಹಳೆಯ ಮುರಿತ, ಗಮನಿಸಬೇಕಿಲ್ಲ' ಎಂದು ಬರೆದಿತ್ತು. ನನ್ನ ಬೆರಳು ಅಲ್ಲಿಂದ ಮುಂದೆ ಹೋಗಲಿಲ್ಲ.

ನನಗೆ ಹದಿನಾರು, ನಿನಗೆ ಹದಿಮೂರು. ಅಪ್ಪ ನನಗೆ ಮೊದಲ ಸಲ ಒಂದು ಚಕ್ರದ ಪ್ಯಾಟರ್ನನ್ನು ಒಬ್ಬನೇ ಮಾಡಲು ಬಿಟ್ಟಿದ್ದರು. ಎಲ್ಲ ಮುಗಿಸಿ, ಉಜ್ಜಿ, ಹೊಳಪು ಕೊಟ್ಟು ಇಟ್ಟಿದ್ದೆ. ನೀನು ಬಂದು ಅಪ್ಪನ ಹಿತ್ತಾಳೆ ಪಟ್ಟಿ ಇಟ್ಟು ಅಳೆದು ನಕ್ಕೆ. "ಅಣ್ಣ, ನೀನು ಅಂಗಡಿ ಪಟ್ಟಿ ಇಟ್ಟು ಗೀಚಿದ್ದೀಯ! ಎರಕ ಆರಿದ ಮೇಲೆ ಚಕ್ರ ಚಿಕ್ಕದಾಗುತ್ತೆ. ಅಪ್ಪಂಗೆ ತೋರಿಸ್ಲಾ?" ನನ್ನ ಕೈಯಲ್ಲಿ ಮರದ ಸುತ್ತಿಗೆಯಂಥ ಕೊಡತಿ ಇತ್ತು. ಬೀಸಿದೆ.

ಅಪ್ಪ ಓಡಿ ಬಂದಾಗ ನಿನಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ. ಏನಾಯಿತೆಂದು ಕೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ, ಹೇಳಲಿಲ್ಲ. ನೀನು ನೆಲದ ಮೇಲಿದ್ದ ಒಂದು ಮರದ ಚೂರು ಎತ್ತಿಕೊಂಡು, ಕಿವಿಯಲ್ಲಿದ್ದ ಪೆನ್ಸಿಲ್ ತೆಗೆದು, 'ಏಣಿ' ಎಂದು ಬರೆದು ಕೊಟ್ಟೆ. ಆರು ವಾರ ದವಡೆಗೆ ಕಟ್ಟು ಹಾಕಿದ್ದರು. ಆರು ವಾರ ಮರದ ಚೂರುಗಳ ಮೇಲೆ ಬರೆದೇ ಎಲ್ಲರ ಜೊತೆ ಮಾತಾಡಿದೆ. ಒಂದು ಚೂರಿನ ಮೇಲೂ ನನ್ನ ಹೆಸರು ಬರಲಿಲ್ಲ.

ನೀನು ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ ನಾನು ಆ ಚಕ್ರವನ್ನು ಸರಿಯಾದ ಪಟ್ಟಿ ಇಟ್ಟು ಮತ್ತೆ ಮಾಡಿದೆ. ಎರಕ ಒಪ್ಪವಾಗಿ ಬಂತು. ಅಪ್ಪ ನನ್ನ ಬೆನ್ನು ತಟ್ಟಿ, ಎಲ್ಲರೆದುರು ಆ ಹಿತ್ತಾಳೆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. "ಅವನಿಗೂ ಕೊಡಬಹುದಿತ್ತು, ಏಣಿ ಹತ್ತಿ ಬೀಳೋನಿಗೆ ಇದ್ಯಾಕೆ" ಎಂದರು. ನೀನು ಕಟ್ಟು ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದೆ. ಆಮೇಲೆ ಜೀವನವಿಡೀ ಅಂಗಡಿ ಪಟ್ಟಿ ಇಟ್ಟುಕೊಂಡು, ಕುಗ್ಗುವ ಲೆಕ್ಕವನ್ನು ತಲೆಯಲ್ಲೇ ಕೂಡಿಸುತ್ತಾ ಕೆಲಸ ಮಾಡಿದೆ. ಫೌಂಡ್ರಿಗೆ ತಂದ ಆ ಕವಚದ ಪ್ಯಾಟರ್ನನ್ನೂ ಹಾಗೇ ಮಾಡಿದ್ದು.

ನಿನ್ನೆ ಫೋನಿನಲ್ಲಿ ನಿನ್ನ ಮಗಳು ಇನ್ನೊಂದು ಮಾತು ಹೇಳಿದಳು. ಆಪರೇಷನ್ನಿನ ಹಿಂದಿನ ದಿನ ಸಂಜೆ ಡಾಕ್ಟರು ಈ ಹಳೆಯ ಮುರಿತದ ಬಗ್ಗೆ ಕೇಳಿದರಂತೆ. ಚಿಕ್ಕವನಿದ್ದಾಗ ಏಣಿಯಿಂದ ಬಿದ್ದೆ ಎಂದೆಯಂತೆ. ನಿನಗೆ ಉಳಿದಿದ್ದ ಕೊನೆಯ ಸಂಜೆಯ ಮಾತಿನಲ್ಲೂ ನನ್ನನ್ನು ಮುಚ್ಚಿಟ್ಟೆ.

ಪಟ್ಟಿಯನ್ನು ಈ ಕಾಗದದ ಜೊತೆ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಒಂದು ಬಡಗಿ ಪೆನ್ಸಿಲನ್ನೂ, ಚೆನ್ನಾಗಿ ಹೆರೆದ ನಾಲ್ಕು ಮರದ ಚೂರುಗಳನ್ನೂ ಇಟ್ಟಿದ್ದೇನೆ. ಡಾಕ್ಟರು ಇನ್ನೊಮ್ಮೆ ಕೇಳುತ್ತಾರೆ, ಮಗಳೂ ಕೇಳುತ್ತಾಳೆ. ಈ ಸಲ ಏಣಿ ಎಂದು ಬರೆಯಬೇಡ. ಅಣ್ಣ ಎಂದು ಬರೆ.